ಅಂಗೈ ಅಗಲದ ಅಂಗಡಿ

ಒಂದು ಅಂಗಡಿಗೆ ಎರಡು ಬಾಗಿಲುಗಳಿವೆ ಎಂದುಕೊಳ್ಳಿ. ಒಂದು ಬೀದಿಗೆ ತೆರೆದದ್ದು. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಒಳಗೆ ಕಣ್ಣು ಹಾಯಿಸಬಹುದು, ಬೇಡವೆನಿಸಿದರೆ ಹಾಗೆಯೇ ಮುಂದೆ ನಡೆಯಬಹುದು. ಇನ್ನೊಂದು ಖಾಯಂ ಗಿರಾಕಿಗಳಿಗೆ ಮೀಸಲಾದದ್ದು. ಅದರ ಬೀಗದ ಕೈಯನ್ನು ಮೊದಲೇ ಪಡೆದು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಸ್ಮಾರ್ಟ್‌ಫೋನಿನ ಮೂಲಕ ಗ್ರಾಹಕರನ್ನು ತಲುಪಲು ಹೊರಡುವ ಪ್ರತಿಯೊಂದು ಸಂಸ್ಥೆಯ ಮುಂದೆಯೂ ಇಂಥ ಎರಡು ದಾರಿಗಳಿವೆ. ಫೋನಿನ ಬ್ರೌಸರಿನಲ್ಲಿ ತೆರೆದುಕೊಳ್ಳುವ ಜಾಲತಾಣ ಬೀದಿಯ ಬಾಗಿಲಾದರೆ, ಫೋನಿಗೆ ಇಳಿಸಿಕೊಂಡು ಸ್ಥಾಪಿಸಬೇಕಾದ ಆ್ಯಪ್ ಎಂಬ ಕಿರುತಂತ್ರಾಂಶ ಎರಡನೆಯ ಬಾಗಿಲು.

ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಕಾಲು ಶತಮಾನದ ಇತಿಹಾಸವಿದೆ. ಮೇಲುನೋಟಕ್ಕೆ ಇದು ಅಂದಚಂದದ, ಅನುಕೂಲದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇತಿಹಾಸವನ್ನು ಕೆದಕಿದರೆ ಪ್ರತಿ ಬಾರಿಯೂ ಎರಡು ಸಂಗತಿಗಳು ಫಲಿತಾಂಶವನ್ನು ನಿರ್ಧರಿಸಿರುವುದು ಗೋಚರಿಸುತ್ತದೆ. ಒಂದು, ಬೈಟುಗಳ ಲೆಕ್ಕ. ಇನ್ನೊಂದು, ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ ಎಂಬುದು. ಈ ಇತಿಹಾಸದ ಒಂದು ದೊಡ್ಡ ಪ್ರಯೋಗ ನಡೆದದ್ದು 2015ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಅಲ್ಲಿಗೆ ಹೋಗುವ ಮುನ್ನ ಸ್ವಲ್ಪ ಹಿಂದಕ್ಕೆ ನಡೆಯೋಣ.

140 ಬೈಟುಗಳ ಚೀಟಿ

ಜಾಲಪುಟಕ್ಕಿಂತ ಮೊದಲು ಮೊಬೈಲಿಗೆ ಬಂದದ್ದು ಕಿರುಸಂದೇಶ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನ ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ತನ್ನ ಗಣಕದಿಂದ ವೊಡಾಫೋನ್ ಕಂಪೆನಿಯ ಅಧಿಕಾರಿಯೊಬ್ಬರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳುಹಿಸಿದರು. ಅದೇ ಮೊದಲ ಎಸ್ಸೆಮ್ಮೆಸ್. ಒಂದು ಸಂದೇಶದಲ್ಲಿ 140 ಬೈಟುಗಳಿಗೆ, ಅಂದರೆ 1120 ಬಿಟ್‌ಗಳಿಗೆ ಮಾತ್ರ ಜಾಗ. ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160. ಎಲ್ಲರಿಗೂ ಬಾಯಿಪಾಠವಾಗಿದ್ದ ಆ 160ರ ಮಿತಿ ಬಂದದ್ದು ಹೀಗೆ.

ಕನ್ನಡಕ್ಕೆ ಯೂನಿಕೋಡ್ ಬೇಕು. ಅಲ್ಲಿ ಪ್ರತಿ ಸಂಕೇತಕ್ಕೆ 16 ಬಿಟ್. ಹಾಗಾಗಿ ಸಂದೇಶದ ಅಳತೆ 70 ಸಂಕೇತಗಳಿಗೆ ಇಳಿಯುತ್ತದೆ. ಇಲ್ಲಿ ಸಂಕೇತವೆಂದರೆ ನಾವು ಓದುವ ಅಕ್ಷರವಲ್ಲ ಎಂಬುದನ್ನು ಗಮನಿಸಿ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಸ, ವಿರಾಮಚಿಹ್ನೆಯಾದ ಹಲಂತ, ತ, ಮತ್ತೆ ಹಲಂತ, ರ, ಕೊನೆಗೆ ಈಕಾರದ ಗುಣಿತ, ಹೀಗೆ ಆರು ಸಂಕೇತಗಳು. 70ರಲ್ಲಿ 6 ಅಲ್ಲಿಗೇ ಖರ್ಚಾಯಿತು! ಕನ್ನಡದಲ್ಲಿ ಜಾಹೀರಾತು ಕಳುಹಿಸಬೇಕೆಂದ ವ್ಯಾಪಾರಿ ಅದೇ ಮಾತಿಗೆ ಎರಡು ಅಥವಾ ಮೂರು ಸಂದೇಶಗಳ ಹಣ ತೆರಬೇಕಾಗುತ್ತಿತ್ತು. ಕನ್ನಡ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕಳುಹಿಸುವ ಅಭ್ಯಾಸಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಮೊಬೈಲ್ ಕರೆ ಆರಂಭವಾದದ್ದು 1995ರ ಜುಲೈ 31ರಂದು. ಗ್ರಾಹಕ ಮತ್ತು ವ್ಯಾಪಾರಿಯ ನಡುವೆ ನಮ್ಮ ಜನರೇ ಕಂಡುಕೊಂಡ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು, ಅದು ಮಿಸ್ಡ್ ಕಾಲ್. ಒಂದು ಬಾರಿ ಗಂಟೆ ಬಾರಿಸಿ ಕತ್ತರಿಸಿದರೆ ಕಾಸು ಖರ್ಚಿಲ್ಲ, ಆದರೆ ನಮ್ಮ ಸಂಖ್ಯೆ ಆ ಕಡೆ ತಲುಪಿರುತ್ತದೆ. ಇದನ್ನೇ ವ್ಯಾಪಾರಕ್ಕೆ ಬಳಸಿಕೊಂಡದ್ದು 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಪ್‌ಡಯಲ್ ಸಂಸ್ಥೆ. ಜಾಹೀರಾತಿನಲ್ಲಿರುವ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟವರಿಗೆ ಕಂಪೆನಿಯೇ ಸಂದೇಶವನ್ನೋ ಕರೆಯನ್ನೋ ಕಳುಹಿಸುತ್ತಿತ್ತು. 2015ರ ಜನವರಿಯಲ್ಲಿ ಟ್ವಿಟರ್ ಈ ಸಂಸ್ಥೆಯನ್ನು ಕೊಂಡಿತು. ಶೂನ್ಯ ಬೈಟಿನ ಸಂದೇಶಕ್ಕೂ ಬೆಲೆಯಿದೆ ಎಂದಾಯಿತು.

ಒಂದೇ ವೇಗ, ಎರಡು ಗತಿ

ಅಂತರ್ಜಾಲವನ್ನು ಫೋನಿಗೆ ತರುವ ಮೊದಲ ದೊಡ್ಡ ಯತ್ನದ ಹೆಸರು ವಾಪ್. ಎರಿಕ್ಸನ್, ನೋಕಿಯಾ, ಮೊಟೊರೋಲಾ ಮತ್ತು ಅನ್‌ವೈರ್ಡ್ ಪ್ಲಾನೆಟ್ ಎಂಬ ನಾಲ್ಕು ಕಂಪೆನಿಗಳು 1997ರಲ್ಲಿ ಸೇರಿ ಇದರ ವೇದಿಕೆ ಕಟ್ಟಿದವು. 1999ರಲ್ಲಿ ನೋಕಿಯಾ 7110 ಎಂಬ ವಾಪ್ ಫೋನ್ ಮಾರುಕಟ್ಟೆಗೆ ಬಂತು. ಜಾಲಪುಟಗಳನ್ನು ಬರೆಯುವ ಎಚ್‌ಟಿಎಮ್‌ಎಲ್ ಭಾಷೆ ಫೋನಿಗೆ ಭಾರವೆಂದು ಅವರು ಡಬ್ಲ್ಯುಎಮ್‌ಎಲ್ ಎಂಬ ಬೇರೆಯೇ ಭಾಷೆಯನ್ನು ರೂಪಿಸಿದರು. ಅದರಲ್ಲಿ ಪುಟಗಳ ಬದಲು ಇಸ್ಪೀಟಿನ ಎಲೆಗಳಂತೆ 'ಕಾರ್ಡು'ಗಳು. ಕಾರ್ಡುಗಳ ಒಂದು ಕಟ್ಟು ಒಮ್ಮೆಗೆ ಫೋನಿಗೆ ಬರುತ್ತಿತ್ತು. 7110 ಸ್ವೀಕರಿಸಬಲ್ಲ ಕಟ್ಟಿನ ಗಾತ್ರ ಸುಮಾರು 1,400 ಬೈಟ್. ಈ ಲೇಖನದ ಒಂದು ಪ್ಯಾರಾ ಕೂಡ ಅದರಲ್ಲಿ ಹಿಡಿಸಲಿಕ್ಕಿಲ್ಲ.

ಆಗಿನ ದತ್ತಾಂಶ ವೇಗ ಸೆಕೆಂಡಿಗೆ 9,600 ಬಿಟ್, ಅಂದರೆ 1,200 ಬೈಟ್. ಈ ವೇಗದಲ್ಲಿ 1,400 ಬೈಟ್ ಬರಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಹಾಗಿದ್ದೂ ಜನ ಬೇಸತ್ತರು, ಏಕೆ? ತೊಂದರೆ ಇದ್ದದ್ದು ಸಂಪರ್ಕದ ಬಗೆಯಲ್ಲಿ. ಪ್ರತಿ ಬಾರಿಯೂ ಫೋನ್ ಕರೆ ಮಾಡಿದಂತೆ ಸಂಪರ್ಕ ಸಾಧಿಸಬೇಕಿತ್ತು. ಅದಕ್ಕೇ ಅರ್ಧ ನಿಮಿಷದಷ್ಟು ಹೊತ್ತು ಹಿಡಿಯುತ್ತಿತ್ತು. ಓದುತ್ತಿರಲಿ, ಯೋಚಿಸುತ್ತಿರಲಿ, ನಿಮಿಷಕ್ಕೆ ಇಷ್ಟು ಎಂದು ಶುಲ್ಕ ಏರುತ್ತಲೇ ಇರುತ್ತಿತ್ತು. 'ಕಾಯಿರಿ, ಕಾಸು ಕೊಡಿ' ಎಂದು ವಾಪ್‌ನ ಅಕ್ಷರಗಳನ್ನು ಬಿಡಿಸಿ ಜನ ನಗೆಯಾಡುತ್ತಿದ್ದರು. ಅದಕ್ಕಿಂತ ಗಂಭೀರವಾದ ಕೊರತೆಯೂ ಒಂದಿತ್ತು. ಫೋನು ಮತ್ತು ಜಾಲತಾಣದ ನಡುವೆ ದೂರವಾಣಿ ಕಂಪೆನಿಯ 'ಗೇಟ್‌ವೇ' ಗಣಕ ಕುಳಿತಿರುತ್ತಿತ್ತು. ಗ್ರಾಹಕ ಕಳುಹಿಸಿದ ಗುಪ್ತಲಿಪಿಯ ಸಂದೇಶವನ್ನು ಅದು ಬಿಡಿಸಿ, ಮತ್ತೊಂದು ಗುಪ್ತಲಿಪಿಗೆ ಕಟ್ಟಿ ಮುಂದಕ್ಕೆ ಕಳುಹಿಸುತ್ತಿತ್ತು. ಬಿಡಿಸಿ ಕಟ್ಟುವ ಆ ಕ್ಷಣದಲ್ಲಿ ಗುಟ್ಟು ತೆರೆದೇ ಇರುತ್ತದೆ! ಬ್ಯಾಂಕುಗಳು ಹಿಂಜರಿದದ್ದು ಆಶ್ಚರ್ಯವಲ್ಲ.

ಅದೇ 1999ರ ಫೆಬ್ರವರಿ 22ರಂದು ಜಪಾನಿನ ಎನ್‌ಟಿಟಿ ಡೊಕೊಮೊ ಕಂಪೆನಿ ಐ-ಮೋಡ್ ಎಂಬ ಸೇವೆ ಆರಂಭಿಸಿತು. ಅದರ ವೇಗವೂ ಸೆಕೆಂಡಿಗೆ 9,600 ಬಿಟ್! ಆದರೆ 2002ರ ಹೊತ್ತಿಗೆ ಅದರ ಚಂದಾದಾರರ ಸಂಖ್ಯೆ ಮೂರು ಕೋಟಿ ದಾಟಿತ್ತು. ಒಂದೇ ವೇಗದ ಎರಡು ವ್ಯವಸ್ಥೆಗಳಲ್ಲಿ ಒಂದು ನಗೆಪಾಟಲಾಯಿತು, ಇನ್ನೊಂದು ಜನಜೀವನದ ಭಾಗವಾಯಿತು. ವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೆ ಇದು ಒಳ್ಳೆಯ ಹೋಲಿಕೆ. ವೇಗವೆಂಬ ಚರಾಂಶವನ್ನು ಸ್ಥಿರವಾಗಿಟ್ಟು ಉಳಿದದ್ದನ್ನು ಬದಲಿಸಿದಂತಾಗಿದೆ.

ಉಳಿದದ್ದು ಏನು? ಐ-ಮೋಡ್‌ನಲ್ಲಿ ದತ್ತಾಂಶ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತಿತ್ತು. ಸಂಪರ್ಕ ಸದಾ ತೆರೆದೇ ಇರುತ್ತಿತ್ತು. ಶುಲ್ಕ ಸಮಯಕ್ಕಲ್ಲ, ಪೊಟ್ಟಣಕ್ಕೆ; 128 ಬೈಟಿನ ಒಂದು ಪೊಟ್ಟಣಕ್ಕೆ 0.3 ಯೆನ್. 1,400 ಬೈಟಿಗೆ 11 ಪೊಟ್ಟಣ, 3.3 ಯೆನ್. ಓದುತ್ತಾ ಕೂತರೆ ದಂಡವಿಲ್ಲ. ಎರಡನೆಯದಾಗಿ, ಪುಟಗಳನ್ನು ಬರೆಯಲು ಹೊಸ ಭಾಷೆಯೇನೂ ಬೇಕಿರಲಿಲ್ಲ. ಎಚ್‌ಟಿಎಮ್‌ಎಲ್‌ನಲ್ಲೇ ಭಾರದ ಭಾಗಗಳನ್ನು ಕಳೆದ ಒಂದು ಸಂಕ್ಷಿಪ್ತ ರೂಪ ಸಾಕಿತ್ತು. ಜಾಲತಾಣ ಕಟ್ಟಲು ಬಲ್ಲ ಯಾವ ಯುವಕನೂ ಐ-ಮೋಡ್ ತಾಣ ಕಟ್ಟಬಹುದಿತ್ತು. ಮೂರನೆಯದು ಹಣದ ಏರ್ಪಾಡು. ಅಧಿಕೃತ ಪಟ್ಟಿಯಲ್ಲಿದ್ದ ತಾಣಗಳ ಚಂದಾವನ್ನು ಡೊಕೊಮೊ ತನ್ನ ಮಾಸಿಕ ಬಿಲ್ಲಿನಲ್ಲೇ ವಸೂಲು ಮಾಡಿ, ಶೇಕಡ 9ರಷ್ಟು ಪಾಲು ಹಿಡಿದುಕೊಂಡು ಉಳಿದದ್ದನ್ನು ತಾಣದವರಿಗೆ ಕೊಡುತ್ತಿತ್ತು. ಈ 9 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇದರ ತಂಡದಲ್ಲಿದ್ದ ಮಾರಿ ಮತ್ಸುನಾಗಾ ಎಂಜಿನಿಯರ್ ಅಲ್ಲ, ಉದ್ಯೋಗ ಪತ್ರಿಕೆಯೊಂದರ ಸಂಪಾದಕಿಯಾಗಿದ್ದವರು. ಇಂದು ಎಲ್ಲರೂ ಬಳಸುವ ಎಮೋಜಿ ಚಿತ್ರಗಳ ಪೈಕಿ ಪ್ರಸಿದ್ಧವಾದ 176 ಚಿತ್ರಗಳ ಗುಂಪನ್ನು ಶಿಗೆತಾಕಾ ಕುರಿತಾ ರಚಿಸಿದ್ದೂ ಇದೇ ಸೇವೆಗಾಗಿ. ಪ್ರತಿ ಚಿತ್ರದ ಅಳತೆ 12 ಬಿಂದು ಅಗಲ, 12 ಬಿಂದು ಎತ್ತರ. ಜಪಾನಿನ ಹೊರಗೆ ಮಾತ್ರ ಐ-ಮೋಡ್ ಬೇರೂರಲಿಲ್ಲ. ಸೇವೆಯನ್ನು 2026ರ ಮಾರ್ಚ್ ಕೊನೆಗೆ ಮುಗಿಸುವುದಾಗಿ ಡೊಕೊಮೊ 2019ರಲ್ಲೇ ಪ್ರಕಟಿಸಿತ್ತು.

ಇದೇ ಕಾಲದಲ್ಲಿ ಬೆಂಗಳೂರಿನಲ್ಲೂ ಅಂಗೈ ಗಣಕದ ಕನಸು ಕಂಡವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪೆನಿಯವರು ಸೇರಿ 2001ರಲ್ಲಿ ಸಿಂಪ್ಯೂಟರ್‌ನ ಮಾದರಿಯನ್ನು ಜನರ ಮುಂದಿಟ್ಟರು. ಸ್ಪರ್ಶಪರದೆ, ಭಾರತೀಯ ಭಾಷೆಗಳು, ಒಂದೇ ಸಾಧನವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲು ಸ್ಮಾರ್ಟ್‌ಕಾರ್ಡ್, ಪುಟಗಳನ್ನು ತೋರಿಸಲು ಐಎಮ್‌ಎಲ್ ಎಂಬ ತನ್ನದೇ ಗುರುತು ಭಾಷೆ, ಎಲ್ಲವೂ ಅದರಲ್ಲಿತ್ತು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಆದರೆ ಅಕ್ಷರಜ್ಞಾನವಿಲ್ಲದ ಬಳಕೆದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಪರದೆಯನ್ನು ರೂಪಿಸಬೇಕೆಂಬ ಅದರ ಮೂಲ ಪ್ರಶ್ನೆಗೆ ಇಂದಿನ ಆ್ಯಪ್‌ಗಳು ಕೂಡ ಪೂರ್ಣ ಉತ್ತರ ಕೊಟ್ಟಿಲ್ಲ ಎಂಬುದು ನನ್ನ ಅನಿಸಿಕೆ.

ಭಾರತದ ಸಾಮಾನ್ಯ ಫೋನುಗಳಿಗೆ ನಿಜವಾದ ಜಾಲಪುಟಗಳನ್ನು ತಂದುಕೊಟ್ಟದ್ದು ನಾರ್ವೆಯ ಒಪೆರಾ ಮಿನಿ ಬ್ರೌಸರ್. 2006ರ ಆರಂಭದಲ್ಲಿ ಲೋಕಕ್ಕೆಲ್ಲ ಬಿಡುಗಡೆಯಾದ ಇದರ ಉಪಾಯ ಸರಳ. ಪುಟವನ್ನು ಕಂಪೆನಿಯ ಸರ್ವರ್ ಮೊದಲು ತರಿಸಿಕೊಂಡು, ಹಿಂಡಿ, ಕೆಲವೊಮ್ಮೆ ಹತ್ತನೆಯ ಒಂದು ಭಾಗಕ್ಕೆ ಇಳಿಸಿ ಫೋನಿಗೆ ಕಳುಹಿಸುತ್ತಿತ್ತು. ಒಂದೂವರೆ ಅಂಗುಲದ ಪರದೆಯ ಜಾವಾ ಫೋನಿನಲ್ಲೂ ಪರೀಕ್ಷಾ ಫಲಿತಾಂಶ ನೋಡಲು ಸಾಧ್ಯವಾಯಿತು.

980 ಬಿಂದುಗಳ ಸುಳ್ಳು

2007ರ ಜನವರಿ 9ರಂದು ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಐಫೋನ್ ಅನ್ನು ಪ್ರದರ್ಶಿಸಿದರು. ಅದರ ಪರದೆಯ ಅಗಲ 320 ಪಿಕ್ಸೆಲ್, ಎಂದರೆ 320 ಚಿತ್ರಬಿಂದುಗಳು. ಆಗಿನ ಜಾಲತಾಣಗಳೆಲ್ಲ ಮೇಜಿನ ಗಣಕಕ್ಕಾಗಿ ಸಾವಿರದ ಆಸುಪಾಸಿನ ಅಗಲದಲ್ಲಿ ರಚನೆಯಾಗಿದ್ದವು. ಐಫೋನಿನ ಬ್ರೌಸರ್ ಒಂದು ಸಣ್ಣ ಸುಳ್ಳು ಹೇಳಿತು. 'ನನ್ನ ಪರದೆ 980 ಬಿಂದು ಅಗಲವಿದೆ' ಎಂದು ಪುಟಕ್ಕೆ ನಂಬಿಸಿ, ಪುಟ ಆ ಅಗಲಕ್ಕೆ ಹರಡಿಕೊಂಡ ಮೇಲೆ ಇಡೀ ಚಿತ್ರವನ್ನು 320ಕ್ಕೆ ಕುಗ್ಗಿಸಿ ತೋರಿಸಿತು. ಲೆಕ್ಕ ಹಾಕಿ ನೋಡಿ. 16 ಬಿಂದು ಎತ್ತರದ ಅಕ್ಷರ ಸುಮಾರು 5 ಬಿಂದುಗಳಿಗೆ ಇಳಿಯುತ್ತದೆ. ಓದಲಾಗದು, ಆದ್ದರಿಂದ ಎರಡು ಬಾರಿ ತಟ್ಟಿ ಹಿಗ್ಗಿಸುವ ಏರ್ಪಾಡು. ಇಡೀ ಪತ್ರಿಕೆಯ ಹಾಳೆಯನ್ನು ಅಂಚೆಚೀಟಿಗೆ ಇಳಿಸಿ ಕೈಗೆ ಭೂತಗನ್ನಡಿ ಕೊಟ್ಟಂತೆ. ಈ ಸುಳ್ಳು ಬೇಡವೆನ್ನುವ ಜಾಲತಾಣ 'ನಿನ್ನ ನಿಜವಾದ ಅಗಲವನ್ನೇ ಹೇಳು' ಎಂದು ಪುಟದ ತಲೆಭಾಗದಲ್ಲಿ ಒಂದು ಸಾಲು ಬರೆದರಾಯಿತು. ವ್ಯೂಪೋರ್ಟ್ ಎನ್ನುವ ಆ ಸಾಲು ಇಂದಿಗೂ ಬಹುತೇಕ ಎಲ್ಲ ಜಾಲಪುಟಗಳಲ್ಲಿ ಇದೆ.

ಮೊದಲ ವರ್ಷ ಐಫೋನಿಗೆ ಹೊರಗಿನವರು ಆ್ಯಪ್ ಬರೆಯುವಂತಿರಲಿಲ್ಲ ಎಂದರೆ ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. 2007ರ ಜೂನ್‌ನಲ್ಲಿ ಜಾಬ್ಸ್ ತಂತ್ರಾಂಶ ರಚಿಸುವವರಿಗೆ ಹೇಳಿದ್ದು, ಬ್ರೌಸರಿನಲ್ಲೇ ನಡೆಯುವ ಜಾಲಪುಟಗಳನ್ನು ಬರೆಯಿರಿ ಎಂದು. ಅವರಿಗೆ ಅದು ರುಚಿಸಲಿಲ್ಲ. ವರ್ಷ ಕಳೆಯುವುದರೊಳಗೆ ನಿಲುವು ಬದಲಾಗಿ, 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಮೊದಲ ವಾರಾಂತ್ಯದಲ್ಲೇ ಒಂದು ಕೋಟಿ ಬಾರಿ ಇಳಿಕೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರುಕಟ್ಟೆಯೂ ಬಂತು. ಆ್ಯಪಲ್ ಹಿಡಿದುಕೊಂಡ ಪಾಲು ಶೇಕಡ 30. ಡೊಕೊಮೊದ 9ನ್ನು ಈಗ ನೆನಪಿಸಿಕೊಳ್ಳಿ.

ಇತ್ತ ಜಾಲತಾಣದವರು ಏನು ಮಾಡುತ್ತಿದ್ದರು? ಮೊಬೈಲಿಗೆಂದೇ ಇನ್ನೊಂದು ಚಿಕ್ಕ ತಾಣವನ್ನು ಬೇರೆ ವಿಳಾಸದಲ್ಲಿ ಕಟ್ಟುತ್ತಿದ್ದರು. ಎರಡು ಅಂಗಡಿ, ಎರಡು ಲೆಕ್ಕದ ಪುಸ್ತಕ. ಒಂದರಲ್ಲಿ ಬೆಲೆ ತಿದ್ದಿದರೆ ಇನ್ನೊಂದರಲ್ಲಿ ಮರೆತುಹೋಗುತ್ತಿತ್ತು. ಈ ಪಾಡಿಗೆ ಪರಿಹಾರ ಸೂಚಿಸಿದ್ದು ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರ ಮೇ ತಿಂಗಳಲ್ಲಿ ಬರೆದ ಒಂದು ಲೇಖನ. ಒಂದೇ ಪುಟ ಪರದೆಗೆ ತಕ್ಕಂತೆ ಹೊಂದಿಕೊಳ್ಳಬೇಕು ಎಂಬುದು ಅದರ ಸಾರ. ಅವರ ಉಪಾಯದ ತಿರುಳು ಏಳನೆಯ ತರಗತಿಯ ಶೇಕಡಾವಾರು ಲೆಕ್ಕ, ಅಷ್ಟೆ. 960 ಬಿಂದು ಅಗಲದ ಪುಟದಲ್ಲಿ ಒಂದು ಕಂಬಸಾಲು 300 ಬಿಂದು ಇದ್ದರೆ, ಅದನ್ನು 300 ಎಂದು ಬರೆಯಬೇಡಿ, ಶೇಕಡ 31.25 ಎಂದು ಬರೆಯಿರಿ. ಪರದೆ ಕುಗ್ಗಿದರೆ ಸಾಲೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಚಿತ್ರಗಳಿಗೂ ಇದೇ ನಿಯಮ. ಆದರೆ 320ರ ಪರದೆಯಲ್ಲಿ ಶೇಕಡ 31.25 ಎಂದರೆ ಬರೀ 100 ಬಿಂದು. ಅದರಲ್ಲಿ ಸಾಲಿಗೆ ಎರಡು ಪದ ಹಿಡಿಯುವುದೂ ಕಷ್ಟ. ಅದಕ್ಕಾಗಿ ಮೂರನೆಯ ಅಂಶ, 'ಪರದೆಯ ಅಗಲ ಇಷ್ಟಕ್ಕಿಂತ ಕಡಿಮೆಯಾದರೆ ಕಂಬಸಾಲುಗಳನ್ನು ಒಂದರ ಕೆಳಗೊಂದು ಇಡು' ಎಂಬ ಷರತ್ತು. ಈ ಮೂರೂ ಆಗಲೇ ಇದ್ದ ಸಾಧನಗಳು. ಅವನ್ನು ಒಟ್ಟಿಗೆ ಹೊಸೆದದ್ದು ಮಾರ್ಕಾಟ್‌ರ ಕೊಡುಗೆ. ಇದಕ್ಕೂ ಸ್ವಲ್ಪ ಮುಂಚೆ ಲ್ಯೂಕ್ ರೊಬ್ಲೆವ್ಸ್ಕಿ ಎಂಬುವರು ಚಿಕ್ಕ ಪರದೆಗೇ ಮೊದಲು ವಿನ್ಯಾಸ ಮಾಡಿ, ನಂತರ ದೊಡ್ಡದಕ್ಕೆ ಹಿಗ್ಗಿಸಿ ಎಂದು ವಾದಿಸಿದ್ದರು. ಜಾಗ ಕಡಿಮೆಯಾದಾಗ ಯಾವುದು ಮುಖ್ಯವೆಂದು ತೀರ್ಮಾನಿಸಲೇಬೇಕಾಗುತ್ತದಲ್ಲವೇ?

ಮುಂದಿನ ಒಂದೆರಡು ವರ್ಷ ದೊಡ್ಡ ಸಂಸ್ಥೆಗಳು ಎರಡು ದಿಕ್ಕಿಗೆ ನಡೆದವು. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ 2011ರಲ್ಲಿ ಆ್ಯಪಲ್‌ನ ಷರತ್ತುಗಳನ್ನು ಒಪ್ಪದೆ ಬ್ರೌಸರಿನಲ್ಲೇ ನಡೆಯುವ ಆವೃತ್ತಿಗೆ ಹೊರಳಿತು. ಚಂದಾದಾರರ ವಿವರ ತನ್ನ ಕೈಯಲ್ಲೇ ಉಳಿಯಬೇಕು ಎಂಬುದು ಅದರ ಚಿಂತೆ. 2012ರಲ್ಲಿ ಫೇಸ್‌ಬುಕ್ ತದ್ವಿರುದ್ಧ ನಡೆಯಿತು. ಜಾಲಪುಟದ ತಂತ್ರದಲ್ಲಿ ಕಟ್ಟಿದ್ದ ತನ್ನ ಆ್ಯಪ್ ನಿಧಾನವೆಂದು ಅದನ್ನು ಕೈಬಿಟ್ಟು ಫೋನಿನ ಸ್ವಂತ ಭಾಷೆಯಲ್ಲೇ ಮರುರಚಿಸಿತು. ಜಾಲತಂತ್ರದ ಮೇಲೆ ಅತಿಯಾಗಿ ಪಣ ಕಟ್ಟಿದ್ದು ತಪ್ಪಾಯಿತೆಂದು ಅದರ ಮುಖ್ಯಸ್ಥ ಜುಕರ್‌ಬರ್ಗ್ ಬಹಿರಂಗವಾಗಿ ಹೇಳಿದರು. ಒಂದಕ್ಕೆ ಕೀಲಿಯ ಚಿಂತೆ, ಇನ್ನೊಂದಕ್ಕೆ ವೇಗದ ಚಿಂತೆ.

ಬೆಂಗಳೂರಿನ ಪ್ರಯೋಗ

ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದ ಅಂಗಡಿಯಾಗಿ ಹುಟ್ಟಿತು. ಉಡುಪುಗಳ ತಾಣ ಮಿಂತ್ರಾ ಕೂಡ ಬೆಂಗಳೂರಿನದೇ. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡಿತು. ಮರುವರ್ಷದ ಹೊತ್ತಿಗೆ ಇವುಗಳ ಗ್ರಾಹಕರಲ್ಲಿ ಬಹುಪಾಲು ಮೊಬೈಲಿನಿಂದಲೇ ಬರುತ್ತಿದ್ದರು. ಹಾಗಾದರೆ ಬೀದಿಯ ಬಾಗಿಲು ಏಕೆ ಬೇಕು ಎಂಬ ಪ್ರಶ್ನೆ ಎದ್ದಿತು. 2015ರ ಆರಂಭದಲ್ಲಿ ಎರಡೂ ಕಂಪೆನಿಗಳು ತಮ್ಮ ಮೊಬೈಲ್ ಜಾಲತಾಣಗಳನ್ನು ಮುಚ್ಚಿದವು. ಫೋನಿನ ಬ್ರೌಸರಿನಲ್ಲಿ ವಿಳಾಸ ಒತ್ತಿದರೆ ಆ್ಯಪ್ ಇಳಿಸಿಕೊಳ್ಳಿ ಎಂಬ ಸೂಚನೆ ಬರುತ್ತಿತ್ತು. ಮಿಂತ್ರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇ 15ರಂದು ಗಣಕದ ಜಾಲತಾಣವನ್ನೂ ಮುಚ್ಚಿತು. ಇಷ್ಟು ದೊಡ್ಡ ಅಂಗಡಿಯೊಂದು ತನ್ನ ಜಾಲತಾಣವನ್ನು ಪೂರ್ತಿ ಮುಚ್ಚಿ ಆ್ಯಪ್ ಒಂದನ್ನೇ ನಂಬಿದ್ದನ್ನು ದೇಶ ಕುತೂಹಲದಿಂದ ನೋಡಿತು.

ಅವರ ತರ್ಕ ಹುರುಳಿಲ್ಲದ್ದಲ್ಲ. ಆ್ಯಪ್ ಒಮ್ಮೆ ಫೋನಿನಲ್ಲಿ ಕೂತರೆ ಅದರ ಗುರುತುಚಿತ್ರ ದಿನವೂ ಕಣ್ಣಿಗೆ ಬೀಳುತ್ತದೆ. ಬೆಲೆ ಇಳಿದಾಗ ಸೂಚನೆ ಕಳುಹಿಸಿ ಕರೆಯಬಹುದು. ಗ್ರಾಹಕ ಯಾರು, ಏನು ನೋಡಿದ, ಎಲ್ಲಿದ್ದಾನೆ ಎಂಬುದು ತಿಳಿಯುತ್ತದೆ. ಹುಡುಕುಯಂತ್ರಕ್ಕೆ ಜಾಹೀರಾತಿನ ಹಣ ಸುರಿಯುವುದು ತಪ್ಪುತ್ತದೆ. ಇನ್ನೊಂದು ಅಂಗಡಿಯ ಬೆಲೆಯನ್ನು ಪಕ್ಕದಲ್ಲೇ ತೆರೆದು ಹೋಲಿಸುವುದೂ ಗ್ರಾಹಕನಿಗೆ ಕಷ್ಟವಾಗುತ್ತದೆ. ಕೊನೆಯದನ್ನು ಯಾರೂ ಜಾಹೀರಾತಿನಲ್ಲಿ ಹೇಳಲಿಲ್ಲ ಬಿಡಿ.

ಆದರೆ ಗ್ರಾಹಕನ ಕಡೆಯಿಂದ ಲೆಕ್ಕ ಹಾಕಿ ನೋಡೋಣ. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಭಾರತದಲ್ಲಿ 'ಆಂಡ್ರಾಯ್ಡ್ ಒನ್' ಹೆಸರಿನ ಅಗ್ಗದ ಫೋನುಗಳನ್ನು ಬಿಡುಗಡೆ ಮಾಡಿತ್ತು. ಬೆಲೆ 6,399 ರೂಪಾಯಿಯಿಂದ ಆರಂಭ, ಒಳಗಿನ ಸಂಗ್ರಹ 4 ಗಿಗಾಬೈಟ್. ಅದರಲ್ಲೂ ದೊಡ್ಡ ಪಾಲನ್ನು ಫೋನಿನ ಕಾರ್ಯನಿರ್ವಹಣಾ ತಂತ್ರಾಂಶವೇ ನುಂಗುತ್ತಿತ್ತು. ಉಳಿದ ಜಾಗದಲ್ಲಿ ಮಗುವಿನ ಫೋಟೋ ಇಡಬೇಕೋ, ವರ್ಷಕ್ಕೆರಡು ಬಾರಿ ಬಟ್ಟೆ ಕೊಳ್ಳುವ ಆ್ಯಪ್ ಇಡಬೇಕೋ? ಇನ್ನು ಇಳಿಸಿಕೊಳ್ಳುವ ಮಾತು. ಆ್ಯಪ್ 10 ಮೆಗಾಬೈಟ್ ಇದೆ, 2ಜಿ ಜಾಲದಲ್ಲಿ ಸೆಕೆಂಡಿಗೆ 100 ಕಿಲೋಬಿಟ್ ಸಿಗುತ್ತದೆ ಎನ್ನೋಣ. 10 ಮೆಗಾಬೈಟ್ ಎಂದರೆ 80,000 ಕಿಲೋಬಿಟ್. ಬೇಕಾಗುವ ಹೊತ್ತು 800 ಸೆಕೆಂಡ್, ಹದಿಮೂರು ನಿಮಿಷಕ್ಕೂ ಹೆಚ್ಚು. ನಡುವೆ ಬಸ್ಸು ಘಾಟಿಯ ತಿರುವಿಗೆ ಬಂದು ಸಂಪರ್ಕ ಕಡಿದರೆ ಮತ್ತೆ ಕಾಯಬೇಕು. ಗೆಳೆಯ ಕಳುಹಿಸಿದ ಒಂದು ಅಂಗಿಯ ಕೊಂಡಿಯನ್ನು ಒತ್ತಿದವನಿಗೆ ಅಂಗಿಯನ್ನು ತೋರಿಸುವ ಬದಲು ಇಷ್ಟು ಕೆಲಸ ಹೇಳಿದರೆ ಆತ ಮುಂದಿನ ಅಂಗಡಿಗೆ ನಡೆಯುತ್ತಾನೆ.

ಫ್ಲಿಪ್‌ಕಾರ್ಟ್ ಬೇಗ ಎಚ್ಚೆತ್ತಿತು. ತನ್ನ ಗಣಕದ ಜಾಲತಾಣವನ್ನು ಅದು ಮುಚ್ಚಿರಲೇ ಇಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೊಸ ಮೊಬೈಲ್ ಜಾಲತಾಣವನ್ನು ಹೊರತಂದಿತು. ಇದು ಹಳೆಯ ಬಗೆಯ ಪುಟವಲ್ಲ. ಬ್ರೌಸರ್‌ಗಳಿಗೆ ಆಗತಾನೆ ಬಂದಿದ್ದ 'ಸರ್ವಿಸ್ ವರ್ಕರ್' ಎಂಬ ಸೌಲಭ್ಯವನ್ನು ಬಳಸಿದ್ದು. ಇದನ್ನು ಅಂಗಡಿಯ ಗುಮಾಸ್ತನಿಗೆ ಹೋಲಿಸಬಹುದು. ಪುಟಕ್ಕೂ ಅಂತರ್ಜಾಲಕ್ಕೂ ನಡುವೆ ಆತ ಕುಳಿತಿರುತ್ತಾನೆ. ನೀವು ಮೊದಲ ಬಾರಿ ಬಂದಾಗ ಪುಟದ ಚೌಕಟ್ಟು, ಗುಂಡಿಗಳು, ಲಾಂಛನ ಮೊದಲಾದ ಬದಲಾಗದ ಭಾಗಗಳನ್ನು ಫೋನಿನಲ್ಲೇ ಎತ್ತಿಡುತ್ತಾನೆ. ಮುಂದಿನ ಬಾರಿ ಅವನ್ನು ಅಲ್ಲಿಂದಲೇ ಕೊಟ್ಟು, ಬೆಲೆ ಮತ್ತು ದಾಸ್ತಾನಿನಂತಹ ಬದಲಾಗುವ ಅಂಶಗಳನ್ನಷ್ಟೇ ಸರ್ವರ್‌ನಿಂದ ತರಿಸುತ್ತಾನೆ. ಸಂಪರ್ಕ ಕಡಿದರೂ ಹಿಂದೆ ನೋಡಿದ್ದನ್ನು ತೋರಿಸಬಲ್ಲ. ಪುಟ ಮುಚ್ಚಿದ ಮೇಲೂ ಸೂಚನೆಗಳನ್ನು ತಲುಪಿಸಬಲ್ಲ. ಗುರುತುಚಿತ್ರವನ್ನು ಫೋನಿನ ಮುಖಪರದೆಗೆ ಸೇರಿಸಿಕೊಂಡರೆ ಅದು ಆ್ಯಪ್‌ನಂತೆಯೇ ತೆರೆಯುತ್ತದೆ. ಇಂಥ ಜಾಲತಾಣಗಳಿಗೆ 'ಪ್ರೊಗ್ರೆಸಿವ್ ವೆಬ್ ಆ್ಯಪ್' ಎಂಬ ಹೆಸರನ್ನು ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್ ಇಟ್ಟದ್ದು ಅದೇ 2015ರ ಜೂನ್‌ನಲ್ಲಿ. ಹೆಸರಿಟ್ಟು ಐದು ತಿಂಗಳಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ನಿಂತಿತ್ತು.

ಗೂಗಲ್ ಪ್ರಕಟಿಸಿದ ವಿವರಗಳ ಪ್ರಕಾರ ಫ್ಲಿಪ್‌ಕಾರ್ಟ್ ಲೈಟ್‌ಗೆ ಬಂದವರಲ್ಲಿ ಶೇಕಡ 63 ಮಂದಿ 2ಜಿ ಜಾಲದವರು. ಹಿಂದಿಗಿಂತ ಮೂರು ಪಟ್ಟು ಹೆಚ್ಚು ಹೊತ್ತು ಅವರು ತಾಣದಲ್ಲಿದ್ದರು. ಮುಖಪರದೆಯ ಗುರುತುಚಿತ್ರದ ಮೂಲಕ ಬಂದವರಲ್ಲಿ ಕೊಳ್ಳುವವರ ಪ್ರಮಾಣ ಶೇಕಡ 70ರಷ್ಟು ಹೆಚ್ಚಿತ್ತು. ಈ ಕೊನೆಯ ಸಂಖ್ಯೆಯನ್ನು ತರಗತಿಯಲ್ಲಿ ಚರ್ಚಿಸಬಹುದು. ಗುರುತುಚಿತ್ರ ಸೇರಿಸಿಕೊಂಡದ್ದರಿಂದ ಕೊಳ್ಳುವುದು ಹೆಚ್ಚಿತೇ, ಇಲ್ಲವೇ ಹೆಚ್ಚು ಕೊಳ್ಳುವವರೇ ಗುರುತುಚಿತ್ರ ಸೇರಿಸಿಕೊಂಡರೇ? ಬರೀ ಈ ಅಂಕಿಯಿಂದ ಉತ್ತರ ಹೇಳಲಾಗದು. ವಿವರ ಪ್ರಕಟಿಸಿದ ಗೂಗಲ್‌ಗೆ ಬ್ರೌಸರ್ ಮತ್ತು ಹುಡುಕುಯಂತ್ರ ಎರಡೂ ಸ್ವಂತದ್ದು ಎಂಬುದೂ ನೆನಪಿರಲಿ.

ಮಿಂತ್ರಾ ತುಸು ತಡವಾಗಿ ಹಿಂದಿರುಗಿತು. 2016ರ ಫೆಬ್ರವರಿಯಲ್ಲಿ ಅದರ ಮೊಬೈಲ್ ಜಾಲತಾಣ, ಜೂನ್ 1ರಂದು ಗಣಕದ ಜಾಲತಾಣ ಮತ್ತೆ ತೆರೆದವು. ಸೀರೆಯ ಅಂಚನ್ನು ದೊಡ್ಡ ಪರದೆಯಲ್ಲಿ ನೋಡಿ ಕೊಳ್ಳಬಯಸುವ ಗ್ರಾಹಕರು ಉಳಿದೇ ಇದ್ದರು. ಬೀದಿಯ ಬಾಗಿಲನ್ನು ಮುಚ್ಚುವ ಪ್ರಯೋಗ ಹೀಗೆ ಒಂದು ವರ್ಷದಲ್ಲಿ ಮುಗಿಯಿತು.

ಕೀಲಿ ಯಾರ ಕೈಯಲ್ಲಿ?

ಕುತೂಹಲಕರ ಸಂಗತಿಯೆಂದರೆ, ಪ್ರಯೋಗ ಮುಗಿದ ಮೂರೇ ತಿಂಗಳಲ್ಲಿ ಬೈಟುಗಳ ಲೆಕ್ಕವೇ ಬದಲಾಯಿತು. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ತನ್ನ 4ಜಿ ಸೇವೆ ಆರಂಭಿಸಿ, ಮೊದಲ ತಿಂಗಳುಗಳಲ್ಲಿ ದತ್ತಾಂಶವನ್ನು ಉಚಿತವಾಗಿಯೇ ಕೊಟ್ಟಿತು. ದರಗಳು ಕುಸಿದವು, ಫೋನುಗಳ ಸಂಗ್ರಹ ಹಿಗ್ಗಿತು. ಮಿಂತ್ರಾ ಎರಡು ವರ್ಷ ತಡೆದು ಈ ಪ್ರಯೋಗ ಮಾಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ? ಬಹುಶಃ ಸ್ವಲ್ಪ ಮಟ್ಟಿಗೆ. ಆದರೆ ಗೆಳೆಯ ಕಳುಹಿಸಿದ ಕೊಂಡಿ ಒತ್ತಿದ ಕೂಡಲೇ ತೆರೆಯಬೇಕೆಂಬ ನಿರೀಕ್ಷೆ ಜಾಲ ಎಷ್ಟೇ ವೇಗವಾದರೂ ಬದಲಾಗಿಲ್ಲ. ಹುಡುಕುಯಂತ್ರವೂ ಇದಕ್ಕೆ ಒತ್ತುಕೊಟ್ಟಿತು. 2015ರ ಏಪ್ರಿಲ್ 21ರಿಂದ ಗೂಗಲ್ ಮೊಬೈಲಿಗೆ ಹೊಂದುವ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಮೇಲಿನ ಸ್ಥಾನ ಕೊಡತೊಡಗಿತು.

ಕನ್ನಡದ ಕಥೆ ಇವೆಲ್ಲಕ್ಕಿಂತ ನಿಧಾನವಾದದ್ದು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಆಂಡ್ರಾಯ್ಡ್ ಕಾರ್ಯನಿರ್ವಹಣಾ ತಂತ್ರಾಂಶಕ್ಕೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಫೋನುಗಳಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕಗಳು ಕಂಡದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ ಕನ್ನಡದಲ್ಲಿ ದೊರೆತದ್ದು 2020ರ ಜೂನ್‌ನಲ್ಲಿ, ಹುಟ್ಟಿ ಹದಿಮೂರನೆಯ ವರ್ಷಕ್ಕೆ! ಅಮೆಜಾನ್ ಅದೇ ಸೆಪ್ಟೆಂಬರ್‌ನಲ್ಲಿ ಹಿಂಬಾಲಿಸಿತು. ತಾಂತ್ರಿಕ ಅಡ್ಡಿ 2012ರಲ್ಲೇ ನಿವಾರಣೆಯಾಗತೊಡಗಿದ್ದರಿಂದ, ಉಳಿದ ತಡಕ್ಕೆ ಕಾರಣವನ್ನು ತಂತ್ರಜ್ಞಾನದಲ್ಲಿ ಹುಡುಕಬೇಕಾಗಿಲ್ಲ.

ಇನ್ನು ಸಣ್ಣ ವ್ಯಾಪಾರಿಗಳ ಮಾತು. ಜಾಲತಾಣ ಕಟ್ಟಿಸುವ ಗೋಜಿಗೂ ಆ್ಯಪ್ ಬರೆಸುವ ಖರ್ಚಿಗೂ ಹೋಗದ ಅವರಿಗೆ ಮೂರನೆಯ ದಾರಿಯೊಂದು ಸಿಕ್ಕಿತು. 2018ರಲ್ಲಿ ಬಂದ ವಾಟ್ಸ್‌ಆ್ಯಪ್‌ನ ವ್ಯಾಪಾರಿ ಆವೃತ್ತಿಯಲ್ಲಿ ಅಂಗಡಿಯ ಹೆಸರು, ವೇಳೆ, ಮುಂದೆ ಸರಕುಗಳ ಪಟ್ಟಿಯನ್ನೂ ಇಡಬಹುದಾಯಿತು. 2016ರಲ್ಲಿ ಆರಂಭವಾದ ಯುಪಿಐ ಹಣ ಪಾವತಿ ಇದಕ್ಕೆ ಜೊತೆಗೂಡಿತು. ಇದರಲ್ಲಿ ಅಂಗಡಿ ವ್ಯಾಪಾರಿಯದು, ಕಟ್ಟಡ ಮಾತ್ರ ಇನ್ನೊಬ್ಬರದು.

ಕಟ್ಟಡ ಇನ್ನೊಬ್ಬರದಾದಾಗ ಏನಾಗುತ್ತದೆ? ಆ್ಯಪ್ ಮಳಿಗೆಗಳ ಪಾಲಿನ ನಿಯಮವನ್ನು ಇಲ್ಲಿ ಸರಿಯಾಗಿ ತಿಳಿಯಬೇಕು. ಸೀರೆ, ಅಕ್ಕಿ, ಪುಸ್ತಕದಂತಹ ಭೌತಿಕ ಸರಕು ಮಾರಿದರೆ ಆ್ಯಪಲ್ ಅಥವಾ ಗೂಗಲ್ ಪಾಲು ಕೇಳುವುದಿಲ್ಲ. ಪಾಠ, ಸಂಗೀತ, ಚಂದಾ ಮುಂತಾದ ಅಂಕೀಯ ಸರಕಿಗೆ ಪಾಲು ಕೊಡಬೇಕು. ಇದು ಫ್ಲಿಪ್‌ಕಾರ್ಟಿಗೆ ಹೊರೆಯಲ್ಲ, ಆದರೆ ಮಕ್ಕಳಿಗೆ ಕನ್ನಡದಲ್ಲಿ ಗಣಿತ ಕಲಿಸುವ ಚಿಕ್ಕ ಸಂಸ್ಥೆಗೆ ಹೊರೆ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಪ್ಲೇ ಸ್ಟೋರ್‌ನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ 2025ರಲ್ಲಿ ಇಳಿಯಿತು. ನಡುವೆ 2024ರ ಮಾರ್ಚ್ ಮೊದಲ ದಿನ ಶುಲ್ಕದ ವಿವಾದದಿಂದಾಗಿ ಗೂಗಲ್ ನೌಕರಿ, ಮದುವೆ, ಮನೆ ಹುಡುಕುವ ಕೆಲವು ಭಾರತೀಯ ಆ್ಯಪ್‌ಗಳನ್ನು ಮಳಿಗೆಯಿಂದಲೇ ತೆಗೆದುಹಾಕಿತು. ಸರ್ಕಾರ ಮಧ್ಯಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಆ ದಿನಗಳಲ್ಲಿಯೂ ಈ ಸಂಸ್ಥೆಗಳ ಜಾಲತಾಣಗಳು ಬ್ರೌಸರಿನಲ್ಲಿ ಎಂದಿನಂತೆ ತೆರೆಯುತ್ತಿದ್ದವು.

ಈ ಇತಿಹಾಸದ ಕುರುಹುಗಳನ್ನು ನೀವೇ ಶಾಲೆಯ ಗಣಕದಲ್ಲಿ ನೋಡಬಹುದು. ಯಾವುದಾದರೂ ಸುದ್ದಿಯ ಜಾಲತಾಣ ತೆರೆದು ಬ್ರೌಸರಿನ ಕಿಟಕಿಯನ್ನು ಅಂಚು ಹಿಡಿದು ನಿಧಾನವಾಗಿ ಕಿರಿದಾಗಿಸಿ. ಒಂದು ಹಂತದಲ್ಲಿ ಪಕ್ಕದ ಕಂಬಸಾಲು ಥಟ್ಟನೆ ಕೆಳಗೆ ಜಾರುತ್ತದೆ. ಅದೇ ಮಾರ್ಕಾಟ್ ಹೇಳಿದ ಷರತ್ತು ಜಾರಿಗೆ ಬಂದ ಕ್ಷಣ. ಪುಟದ ಮೂಲಸಂಕೇತವನ್ನು ತೆರೆದು ವ್ಯೂಪೋರ್ಟ್ ಎಂಬ ಸಾಲನ್ನು ಹುಡುಕಿ. ನಂತರ ಒಂದು ಕನ್ನಡ ಜಾಲತಾಣವನ್ನೂ ಹೀಗೆಯೇ ಪರೀಕ್ಷಿಸಿ. ಇಂಗ್ಲಿಷಿನ ಅಳತೆಗೆ ಹೊಲಿದ ವಿನ್ಯಾಸವಾಗಿದ್ದರೆ ಸಾಲುಗಳ ನಡುವಿನ ಅಂತರ ಸಾಲದೆ, ಒಂದು ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿರುತ್ತವೆ.